ಒಳೆನರಸೀಪುರದ ಕಾವಲು

ಪಾಲಾಕ್ಷನ ಬಾಯಲ್ಲಿ ಹಾಸನ ಯಾವತ್ತೂ ಆಸನವೇ. ಹಾಲು ಆಲು, ಹೊಲ ಒಲ. ನಮ್ಮ ಆಫೀಸಿನಲ್ಲಿ ಇದನ್ನು ಆಡಿಕೊಳ್ಳದವರಿಲ್ಲ. ಎಲ್ಲರಿಗಿಂತ ಚೆನ್ನಾಗಿ ಅವನ ದನಿ ತೆಗೆಯುತ್ತಿದ್ದವಳು ನಾನೇ.

ಅರಕಲಗೂಡು ಕಡೆಯವನು, ನಲವತ್ತೇಳು ವರ್ಷ. ಮೊದಲು ಮನೆಮನೆಗೆ ಟಿವಿ ಕೇಬಲ್ ಎಳೆಯುತ್ತಿದ್ದ. ಆಮೇಲೆ ನಮ್ಮ ಬಿತ್ತನೆ ಆಲೂಗಡ್ಡೆ ಕಂಪನಿಗೆ ಸೇರಿ, ನೋಡಿ ನೋಡಿಯೇ ಕಂಪ್ಯೂಟರ್ ಕಲಿತ. ನಮಗೆ ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ನಾಲ್ಕು ಕಡೆ ಶೀತಲ ಗೋದಾಮುಗಳಿವೆ. ಒಳಗೆ ಬಿಸಿಯೇರಿದರೆ ಪಾಲಾಕ್ಷನಿಗೆ ಫೋನ್ ಹೋಗಬೇಕು. ಆ ಫೋನ್ ಮಾಡುವುದಕ್ಕೆಂದೇ ಗೋದಾಮಿಗೊಂದು ಕಂಪ್ಯೂಟರನ್ನು ಅವನು ಕ್ಲೌಡಿನಲ್ಲಿ ಇಟ್ಟಿದ್ದ. ಕ್ಲೌಡ್ ಅಂದರೆ ಆಕಾಶವೇನಲ್ಲ, ಯಾರದೋ ಕಟ್ಟಡದಲ್ಲಿರುವ ಕಂಪ್ಯೂಟರನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುವುದು. ಆರು ವರ್ಷ ಫೋನ್ ಬಂದಾಗಲೆಲ್ಲ ಅವನು ಉಣ್ಣುವ ತಟ್ಟೆ ಬಿಟ್ಟು ಬೈಕ್ ಹತ್ತಿದ್ದಾನೆ.

ಹೋದ ವರ್ಷ ನಮ್ಮ ಮ್ಯಾನೇಜರ್ ರಜನೀಶ್ ಬಾಡಿಗೆ ಇಳಿಸುವ ಸಾಫ್ಟ್‌ವೇರ್ ತಂದು ನನ್ನ ಮುಂದೆ ಕೂರಿಸಿದರು. ಅದರ ಕೆಲಸ ಸರಳ. ಗಂಟೆಗೊಮ್ಮೆ ಬಿಲ್ ಓದುತ್ತದೆ. ಪ್ರತಿ ಕಂಪ್ಯೂಟರಿಗೂ ಅಂಟಿಸಿದ ಹೆಸರುಚೀಟಿ ನೋಡಿ, ಯಾವ ಊರಿನ ಖರ್ಚು ಎಷ್ಟು ಎಂದು ಕೂಡುತ್ತದೆ. ಯಾವುದು ದುಡಿಯುತ್ತಿದೆ, ಯಾವುದು ದಂಡಕ್ಕೆ ಕೂತಿದೆ ಎಂದು ಅಳೆಯುತ್ತದೆ. ದಂಡಕ್ಕೆ ಕೂತಿದ್ದರೆ ಚೀಟಿಯಲ್ಲಿರುವ ಊರಿನವರಿಗೆ ಪತ್ರ ಹಾಕುತ್ತದೆ. ಹದಿನಾಲ್ಕು ದಿನ ಯಾರೂ ನಮ್ಮದು ಎನ್ನದಿದ್ದರೆ, ತೆಗೆಯಲೇ ಎಂದು ನನ್ನನ್ನು ಕೇಳುತ್ತದೆ. ಬಿಲ್ ಇಳಿಸಿದರೆ ನನ್ನ ಕೆಲಸ ಕಾಯಂ ಎಂದಿದ್ದರು ರಜನೀಶ್.

ಕಾವಲಿನ ಕಂಪ್ಯೂಟರ್ ಏನು ದುಡಿದೀತು? ಗೋದಾಮಿನಲ್ಲಿ ಏನಾದರೂ ಕೆಡುವವರೆಗೂ ಸುಮ್ಮನಿರುವುದೇ ಅದರ ಕೆಲಸ. ನಾಲ್ಕೂ ದಂಡಕ್ಕೆ ಕೂತಿವೆ ಎಂದಿತು ಸಾಫ್ಟ್‌ವೇರ್. ಮೂರು ಊರಿನವರು ನಮ್ಮದು ಎಂದು ಉತ್ತರ ಬರೆದು ಉಳಿಸಿಕೊಂಡರು. ನಾಲ್ಕನೆಯದಕ್ಕೆ ಪತ್ರವೇ ಹೋಗಲಿಲ್ಲ. ಹಾಸನದ ಚೀಟಿಯನ್ನು ಆಫೀಸಿನ ಬೋರ್ಡು ನೋಡಿ ಇಂಗ್ಲಿಷಿನಲ್ಲಿ ಸರಿಯಾಗಿ ಬರೆದಿದ್ದ ಪಾಲಾಕ್ಷ ಇದನ್ನು, ಮೊದಲ ಎಚ್ ಬಿಟ್ಟು, ತಾನು ಆಡುವ ಹಾಗೇ ಬರೆದಿದ್ದ: ಒಳೆನರಸೀಪುರ. ಅಂಥ ಊರು ಸಾಫ್ಟ್‌ವೇರಿನ ಪಟ್ಟಿಯಲ್ಲಿರಲಿಲ್ಲ. ವಾರಸುದಾರರಿಲ್ಲ ಎಂದು ಕೆಂಪಗೆ ತೋರಿಸಿತು.

ಯಂತ್ರಕ್ಕೆ ಗೊತ್ತಾಗದಿದ್ದರೆ ಹೋಗಲಿ, ಈ ಜಿಲ್ಲೆಯಲ್ಲಿ ಹುಟ್ಟಿದ ನನಗೆ ಗೊತ್ತಾಗಲಿಲ್ಲವೇ? ನೋಡಿದ ಕೂಡಲೇ ಗೊತ್ತಾಯಿತು. ಹೊಟ್ಟೆ ಹಿಡಿದು ನಕ್ಕೆ. ಫೋಟೋ ತೆಗೆದು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಹನ್ನೊಂದು ಜನ ನಕ್ಕರು. ಪಾಲಾಕ್ಷ ಆ ಗುಂಪಿನಲ್ಲಿರಲಿಲ್ಲ. ಫೋನ್ ಮಾಡಿ ಕೇಳಿದರೆ ಅರ್ಧ ಗಂಟೆ ತಲೆ ತಿನ್ನುತ್ತಾನೆ, ಯಾವುದೋ ಹಳೇ ಕಸವಿರಬೇಕು ಎಂದುಕೊಂಡು, ಯುಗಾದಿಗೆ ನಾಲ್ಕು ದಿನವಿರುವಾಗ ಹೌದು ಎಂದು ಒತ್ತಿದೆ.

ಹಬ್ಬದ ಹಿಂದಿನ ಮಧ್ಯಾಹ್ನ ಹೊಳೆನರಸೀಪುರದ ಗೋದಾಮನ್ನು ತಂಪಾಗಿಡುವ ಕಂಪ್ರೆಸರ್ ನಿಂತಿತು. ಪಾಲಾಕ್ಷನಿಗೆ ಫೋನ್ ಹೋಗಲಿಲ್ಲ. ಯುಗಾದಿ ಕಳೆಯಿತು, ಮರುದಿನದ ಹೊಸತೊಡಕೂ ಕಳೆಯಿತು. ಆಫೀಸಿಗೆ ರಜೆ, ಎಲ್ಲರ ಮನೆಯಲ್ಲೂ ಬಾಡೂಟ. ಮಾರನೇ ದಿನ ಗೋದಾಮಿನ ಬಾಗಿಲು ತೆಗೆದವರು ಮೂಗು ಮುಚ್ಚಿಕೊಂಡು ಹೊರಗೆ ಬಂದರು. ಇನ್ನೂರು ರೈತರ ಮನೆಯ ಬಿತ್ತನೆ ಆಲೂಗಡ್ಡೆ ಕೊಳೆತು ನೀರೊಡೆದು ಕೂತಿತ್ತು.

ವಿಚಾರಣೆಯಲ್ಲಿ ರಜನೀಶ್, ಸಾಫ್ಟ್‌ವೇರಿನದು ತಪ್ಪಿಲ್ಲ, ಚೀಟಿ ತಪ್ಪು ಬರೆದವನದೇ ತಪ್ಪು ಎಂದು ತೀರ್ಮಾನ ಕೊಟ್ಟರು. ಗುಂಪಿಗೆ ಬಂದ ಫೋಟೋ ನೋಡಿ ತಾವೂ ನಕ್ಕದ್ದನ್ನು ಅವರು ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಥೂ ನನ್ನ ಜನ್ಮಕ್ಕೆ. ಪಾಲಾಕ್ಷನನ್ನು ಅವತ್ತೇ ಕೆಲಸದಿಂದ ತೆಗೆದರು.

ಹೋಗುವಾಗ ಅವನು ನನ್ನ ಮೇಜಿನ ಹತ್ತಿರ ನಿಂತ. ಫೋಟೋ ವಿಷಯ ಯಾರೋ ಅವನ ಕಿವಿಗೆ ಹಾಕಿದ್ದರು.

“ಆ ಕಂಪ್ಯೂಟ್ರು ಸುಮ್ನಿದ್ರೆ ಎಲ್ಲಾ ನೆಟ್ಟಗದೆ ಅಂದ್ಕಂಡು ಅಬ್ಬ ಮಾಡ್ತಾ ಕುಂತಿದ್ದೆ ಕಣಮ್ಮ. ನೀವು ನಕ್ಕಿದ್ದಕ್ಕೆ ಬ್ಯಾಸರ ಇಲ್ಲ. ನಂದು ಅಂತ ಗೊತ್ತಾಗೇ ತಾನೆ ನಕ್ಕಿದ್ದು? ಒಂದು ಫೋನ್ ಮಾಡ್ಬೋದಿತ್ತು.”

ಅವನು ಗೋದಾಮಿನ ಬೀಗದ ಕೈ ಗೊಂಚಲನ್ನು ನನ್ನ ಮೇಜಿನ ಮೇಲಿಟ್ಟು ಹೋದ.

ಜೂನ್‌ನಲ್ಲಿ ನನ್ನ ಕೆಲಸ ಕಾಯಂ ಆಯಿತು. ಅದೇ ವಾರ ಸಾಫ್ಟ್‌ವೇರ್ ಇನ್ನೊಂದು ಕೆಂಪು ಸಾಲು ತೋರಿಸಿತು. ಕಂಪನಿ ತಿಂಗಳಿಗೆ ದುಡ್ಡು ಕಟ್ಟುತ್ತಿದ್ದ ಒಂದು ಲಾಗಿನ್. ಅರವತ್ತು ದಿನದಿಂದ ಬಳಕೆಯಿಲ್ಲ, ವಾರಸುದಾರರಿಲ್ಲ, ತೆಗೆಯಲೇ? ಹೆಸರು ಪಾಲಾಕ್ಷ. ಈ ಸಲ ಒಂದಕ್ಷರವೂ ತಪ್ಪಿರಲಿಲ್ಲ. ಫೋನ್ ಪಕ್ಕದಲ್ಲೇ ಇತ್ತು. ನಾನು ಹೌದು ಎಂದು ಒತ್ತಿದೆ.