ಉಡಿ ತುಂಬಿ ಕಳಿಸಿದೆ

ನಮ್ಮ ಊರಿನ ಪುರಸಭೆ ಮನೆಯಿಲ್ಲದವರಿಗಾಗಿ ನಡೆಸುವ ವಸತಿ ಕೇಂದ್ರದಲ್ಲಿ ನಾನು ಮೇಲ್ವಿಚಾರಕಿ. ಹೆಸರು ದೊಡ್ಡದು, ಕೆಲಸ ಮಾತ್ರ ಹಾಸಿಗೆ ಒಣಗಿಸುವುದು, ರಜಿಸ್ಟರ್ ಬರೆಯುವುದು, ಜಗಳ ಬಿಡಿಸುವುದು. ಗಂಡಸರ ಕೋಣೆ ಸದಾ ತುಂಬಿರುತ್ತದೆ. ಹೆಂಗಸರ ಕೋಣೆಯಲ್ಲಿ ಬಹಳ ದಿನ ಹಳೆಯ ಬ್ಯಾನರು, ಫಿನಾಯಿಲ್ ಡಬ್ಬಿಗಳೇ ಇದ್ದವು. ಹೆಂಗಸಿಗೆ ಮನೆಯಿಲ್ಲ ಎಂದರೆ ನಮ್ಮ ಕಡೆ ಯಾರೂ ನಂಬುವುದಿಲ್ಲ. ಗಂಡನಿದ್ದರೆ ಮನೆ ಇದ್ದ ಹಾಗೆಯೇ.

ಅವಳು ಖಜೂರಿ ಕಡೆಯವಳು. ಒಂದು ಮಧ್ಯಾಹ್ನ ಊದಿದ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದು ನಿಂತಳು. ಗಂಡ ಹೊಡೆದಿದ್ದ. ತಂದೆತಾಯಿ ಇಲ್ಲ, ಅಫಜಲಪುರದ ಅಣ್ಣ ಹೊಸ್ತಿಲಾಚೆಯೇ ನಿಲ್ಲಿಸಿ ನೀರು ಕೊಟ್ಟು ಕಳಿಸಿದ್ದ. ನಾನು ಹಾಸಿಗೆ ಕೊಟ್ಟೆ. ಮರುದಿನ ನಮ್ಮ ಸಾಹೇಬರು ರಜಿಸ್ಟರ್ ನೋಡಿ, “ಈಕಿಗಿ ಮನಿ ಅದಲ್ರೀ. ಇದು ಮನಿ ಇಲ್ದವರಿಗಿ. ಹೊಡೆತದ ಕೇಸು ಬ್ಯಾರೆ ಇಲಾಖೆದು,” ಎಂದರು. ಆ ಇಲಾಖೆಗೆ ಫೋನ್ ಮಾಡಿದೆ. ಜಾಗ ಆದಾಗ ಹೇಳುತ್ತೇವೆ ಎಂದರು. ಹೇಳಲೇ ಇಲ್ಲ.

ಹನ್ನೊಂದು ದಿನ ಇದ್ದಳು. ಕೈಯ ಬಾವು ಇಳಿದ ಮೇಲೆ, ಬೇಡವೆಂದರೂ ಎಲ್ಲರಿಗೂ ರೊಟ್ಟಿ ಬಡಿಯಲು ಕೂತಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಅದು ನನಗೆ ಹಿತವಾಗಿತ್ತು.

ಆಮೇಲೆ ಗಂಡನ ಕಡೆಯ ಹಿರಿಯರು ಜೀಪು ಮಾಡಿಕೊಂಡು ಬಂದರು. ಬಲು ಮೆತ್ತನೆಯ ಮಾತು. “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ್ರೀ, ಅಕ್ಕೋರ. ಇನ್ನ ಕೈ ಎತ್ತಂಗಿಲ್ಲ, ನಮ್ಮ ಜಿಮ್ಮಾ.” ಆ ಗಾದೆ ಕಟ್ಟಿದವನು ತನಗೆ ಊಟ ಬಡಿಸಿದವಳನ್ನು ಒಂದು ಮಾತು ಕೇಳಬಾರದಿತ್ತೇ? ಅಂದು ನನಗೂ ಇದು ಹೊಳೆಯಲಿಲ್ಲ. ಸಾಹೇಬರಿಗೆ ಸಮಾಧಾನವಾಯಿತು, ನನಗೂ ಆಯಿತು. ಅವಳು ನನ್ನ ಮುಖ ನೋಡಿದಳು.

ತವರಿಲ್ಲದವಳೆಂದು ಅವರು ಹಗುರವಾಗಿ ಕಾಣಬಾರದು ಎನ್ನಿಸಿತು. ನಾನೇ ಪೇಟೆಗೆ ಓಡಿ ಹಸಿರು ಖಣ, ತೆಂಗಿನಕಾಯಿ, ಅಕ್ಕಿ ತಂದೆ. ಹಿರಿಯರ ಎದುರಿಗೇ ಅರಿಷಿಣ ಕುಂಕುಮ ಹಚ್ಚಿ ಅವಳ ಉಡಿ ತುಂಬಿದೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ಮಾಡುವುದು ಇದನ್ನೇ. ಅವಳು ನನ್ನ ಭುಜಕ್ಕೆ ಬಿದ್ದು, ಬಿಗಿಯಾಗಿ ಹಿಡಿದುಕೊಂಡು ಅತ್ತಳು. ಉಡಿ ತುಂಬಿಸಿಕೊಂಡ ಮಗಳು ಅಳದೆ ಹೋಗುವುದುಂಟೇ? ನಾನೂ ಅತ್ತೆ. ಒಳಗೊಳಗೆ ಹೆಮ್ಮೆಯೂ ಇತ್ತು. ಅವಳ ಬೆರಳುಗಳನ್ನು ಬಿಡಿಸಿ ನಾನೇ ಜೀಪು ಹತ್ತಿಸಿದೆ.

ಹೋದ ಬೇಸಿಗೆಯಲ್ಲಿ ನೆಂಟರ ಮದುವೆಗೆ ಜೇವರ್ಗಿಗೆ ಹೋಗಿದ್ದೆ. ಮರಳುವಾಗ ಬಸ್ ಸ್ಟ್ಯಾಂಡಿನಲ್ಲಿ ನಳದ ಪಕ್ಕ ಗಂಟು ಇಟ್ಟುಕೊಂಡು ಅವಳು ಕೂತಿದ್ದಳು. ನನ್ನನ್ನು ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಂದಿನ ಎರಡು ಹಲ್ಲು ಇರಲಿಲ್ಲ. ಗಂಡನನ್ನು ಬಿಟ್ಟು ಬಂದು, ಹೋಟೆಲಿನಲ್ಲಿ ಪಾತ್ರೆ ತಿಕ್ಕಿ, ರಾತ್ರಿ ಈ ಸ್ಟ್ಯಾಂಡಿನಲ್ಲೇ ಮಲಗುತ್ತಿದ್ದಳಂತೆ.

“ನನ್ನ ಕಡಿ ಯಾಕ ಬರ್ಲಿಲ್ಲವಾ?” ಎಂದೆ.

“ನೀವೇ ಕಳಿಸಿದ್ರಲ್ಲಕ್ಕಾ.” ದನಿಯಲ್ಲಿ ಸಿಟ್ಟಿರಲಿಲ್ಲ. “ಅವತ್ತ ಅತ್ತಿದ್ದು ಹೋಗಂಗಿಲ್ಲ ಅಂತ ಹೇಳಾಕ. ಅಷ್ಟು ಹಿರೇರ ಮುಂದ ಬಾಯಿಬಿಟ್ಟು ಹ್ಯಾಂಗ ಹೇಳ್ಬೇಕು?”

ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಏಳು, ನನ್ನ ಜೊತೆ ನಡಿ ಎಂದೆ. ಅವಳು ಗಂಟು ಎತ್ತಿ ಮಡಿಲಲ್ಲಿಟ್ಟುಕೊಂಡು ಕೇಳಿದಳು:

“ಈ ಸಲ ಅವ್ರು ಬಂದ್ರ ಕಳಸಂಗಿಲ್ಲಲ್ಲ?”

ಇಲ್ಲ ಎಂದಿದ್ದರೆ ಸಾಕಿತ್ತು. ಆದರೆ ರಜಿಸ್ಟರು, ಸಾಹೇಬರ ಮುಖ ಕಣ್ಣ ಮುಂದೆ ಬಂದವು. “ನೋಡೂಣಂತ. ಸಾಹೇಬರಿಗಿ ಕೇಳ್ತೇನಿ,” ಎಂದೆ. ಅವಳು ಹೂಂ ಎಂದು ಗಂಟನ್ನು ಮತ್ತೆ ನೆಲಕ್ಕಿಟ್ಟಳು.

ನಾನು ಹಿಡಿಯಬೇಕಿದ್ದ ಕಲಬುರಗಿ ಬಸ್ಸು ಬಂತು, ಹತ್ತಿದೆ. ಹೆಂಗಸರಿಗೆ ಈಗ ಪುಕ್ಕಟೆ ಪ್ರಯಾಣ. ಕಂಡಕ್ಟರ್ ಟಿಕೆಟ್ ಹರಿಯುತ್ತ, “ಎಷ್ಟು ಮಂದಿ ಇದ್ದೀರಬೇ?” ಎಂದು ಕೇಳಿದ.

ಒಬ್ಬಾಕಿ ಎಂದೆ.