ನೀಲಾಳನ್ನು ಕರೆತರಲು ಸೇಡಂಗೆ

ಸೋಲಾಪುರದಿಂದ ಬೆಳಗಿನ ಗಾಡಿ ಹಿಡಿದೆ. "ಒಬ್ಬಾಕಿನ ನಿಜಾಮನ ಸೀಮಿಗೆ ಹೊಂಟೀಯಲ್ಲ" ಎಂದು ಅಣ್ಣ ಸ್ಟೇಶನ್ನಿನತನಕ ಗೊಣಗಿದ. ಇಡೀ ಸಾಲಿಯ ಹುಡುಗರನ್ನು ಹದ್ದುಬಸ್ತಿನಲ್ಲಿಡುವವಳಿಗೆ ರೈಲು ಹತ್ತುವುದೇನು ದೊಡ್ಡದು! ನನ್ನ ಹೆದರಿಕೆಯೇ ಬೇರೆ. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದು ಕನ್ನಡ ಸಾಲಿಯಲ್ಲಿ ನೌಕರಿ ಹಿಡಿದಿದ್ದೆ. ಚಿಂಚೋಳಿ ಹಾದಿಯ ಹಳ್ಳಿಯಲ್ಲಿದ್ದ ಅತ್ತೆ ಮಾತ್ರ ನನ್ನ ಮಗಳು ನೀಲಾಳನ್ನು ಕಳಿಸಲೇ ಇಲ್ಲ. ಮಗು ತಾಯಿಯ ಬಳಿ ಇರಬೇಕೆಂದು ಸೋಲಾಪುರದ ಕೋರ್ಟು ಹೇಳಿತು. ಆದರೆ ಇಂಗ್ರೇಜರ ಕೋರ್ಟಿನ ತೀರ್ಪು ನಿಜಾಮರ ರಾಜ್ಯದಲ್ಲಿ ತಾನಾಗಿ ನಡೆಯುವುದಿಲ್ಲವಲ್ಲ! ನಮ್ಮ ಜಡ್ಜರು ನೆರವು ಕೋರಿ ಸೇಡಂ ಮುನ್ಸಿಫರಿಗೆ ಬರೆದರು. ಅವರು ಒಪ್ಪುವರೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಶಹಾಬಾದಿನಲ್ಲಿ ಹಳಿಯ ಪಕ್ಕ ಪೇರಿಸಿದ, ನೆಲಕ್ಕೆ ಹಾಸುವ ಪರಸಿ ಕಲ್ಲು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ವಾಡಿಯಲ್ಲಿ ಗಾಡಿ ಬದಲಿಸಿದೆ. ಅಲ್ಲಿ ನಿಜಾಮರ ಸುಂಕದವನು ಗಂಟು ಬಿಚ್ಚಿಸಿ, ನೀಲಾಳಿಗೆಂದು ಒಯ್ದಿದ್ದ ಲಂಗದಂಥ ಪರಕಾರಕ್ಕೂ ಸುಂಕ ಹಾಕಿದ.

"ಕೂಸಿನ ಅರಿವಿಗೂ ಸುಂಕೇನ್ರಿ?" ಎಂದೆ.

"ಹೊಸಾದು ಅದಲ್ರಿ ಬಾಯಿ" ಎಂದು ನಕ್ಕ. ಸಿಟ್ಟು ನುಂಗಿಕೊಂಡು ಕೊಟ್ಟೆ.

ಚಿತ್ತಾಪುರದಲ್ಲಿ ಹತ್ತಿದ ಮುದುಕಿಯೊಬ್ಬಳು ಬುತ್ತಿ ಬಿಚ್ಚಿ ಸಜ್ಜಿರೊಟ್ಟಿ, ಪುಂಡಿಪಲ್ಯ ನನ್ನ ಕೈಗಿಟ್ಟಳು. "ಉಣ್ಣವ್ವ, ಮಾರಿ ಭಾಳ ಬಾಡ್ಯದ" ಎಂದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಮರುದಿನ ಸೇಡಂ ಕೋರ್ಟಿನಲ್ಲಿ ಮುನ್ಸಿಫ್ ಸಾಹೇಬರು ಉರ್ದುವಿನಲ್ಲಿ ಬರೆಸುತ್ತ, ನಮ್ಮೊಡನೆ ಕನ್ನಡದಲ್ಲೇ ಮಾತಾಡಿದರು. ಅವರು ಕರೆಸಿದ್ದರಿಂದ ಅತ್ತೆಯೂ ಬಂದಿದ್ದರು; ನೀಲಾ ಅಜ್ಜಿಯ ಸೆರಗಿನ ಹಿಂದೆ ನಿಂತಿದ್ದಳು. ನನ್ನ ಗುರುತೇ ಮರೆತಿದ್ದಾಳೆಂದು ಹೆದರಿದೆ. ಅಷ್ಟರಲ್ಲಿ, "ಅವ್ವಾ, ಇವತ್ತು ನಿನ್ನ ಸಾಲಿ ಸೂಟಿ ಏನು?" ಎಂದಳು. ಹೋದ ಜೀವ ಬಂತು.

ಅತ್ತೆ ಕೈಮುಗಿದರು. "ಸಾಹೇಬ್ರ, ಕೋರ್ಟಿನ ಅಮೀನ ಬಂದು ದನಾ ಜಪ್ತಿ ಮಾಡಿದಂಗ ಮೊಮ್ಮಗಳಿಗಿ ಒಯ್ದರ ನಾ ಬದುಕಂಗಿಲ್ರಿ. ಮತ್ತ ಆಕಿ ಕಣ್ಣಿಗಿ ಬೀಳಂಗಿಲ್ರಿ."

"ಅಮೀನ್ನ ಕಳಸಂಗಿಲ್ಲಮ್ಮ" ಎಂದರು ಸಾಹೇಬರು. "ಸೋಲಾಪುರ ಕೋರ್ಟಿನ ಮಾತು ನಾವು ನಡಸ್ತೀವಿ. ವರ್ಷಾ ವರ್ಷಾ ನಾಗರ ಪಂಚಮಿಗಿ ಕೂಸಿಗಿ ಅಜ್ಜಿ ಮನಿಗಿ ಕಳಸಬೇಕು. ಈ ನಮ್ಮ ಮಾತು ಸೋಲಾಪುರದವ್ರು ನಡಸ್ಲಿ ಅಂತ ಬರೀತೀನಿ. ಈಗ ನಿಮ್ಮ ಪದ್ಧತಿ ಪ್ರಕಾರ ಉಡಿ ತುಂಬಿ ಕಳಸ್ರಿ."

ನಾನು ಎಲ್ಲರೆದುರು ಮಾತು ಕೊಟ್ಟೆ. ಇಷ್ಟು ಮೆತ್ತಗೆ ಎರಡು ರಾಜ್ಯಗಳ ನಡುವಿನ ಗಂಟು ಬಿಚ್ಚಿದ ಆ ಪುಣ್ಯಾತ್ಮರನ್ನು ಹೇಗೆ ಮರೆಯಲಿ!

ಹೊರಗೆ ಬೇವಿನ ಗಿಡದ ಕೆಳಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನ ಕೊಂಬು ಬಂದವು. ಹೊಸ ಪರಕಾರ ಉಟ್ಟು ನೀಲಾ ಉಡಿಯೊಡ್ಡಿ ನಿಂತಳು. ಅತ್ತೆ ಮಾತ್ರ ಹಿಂದೆ ಸರಿದರು. "ಯಾರರ ಮುತ್ತೈದಿಗಿ ಕರಿ. ನಾ ಗಂಡ ಸತ್ತಾಕಿ. ನನ್ನ ಕೈಲೆ ಬ್ಯಾಡ."

ನನಗೆ ರೇಗಿಹೋಯಿತು. "ಜ್ವರಾ ಬಂದಾಗ ಇಕಿ ಹಣಿ ಮ್ಯಾಲ ಇಟ್ಟಿದ್ದು ಯಾರ ಕೈರಿ, ಅತ್ತಿ? ತುಂಬಿದ್ರ ನೀವೇ ತುಂಬಬೇಕು. ಇಲ್ಲಂದ್ರ ನಾ ಇಲ್ಲಿಂದ ಏಳಂಗಿಲ್ಲ" ಎಂದು ನೆಲದ ಮೇಲೆ ಕುಳಿತೇಬಿಟ್ಟೆ.

ಅವರು ಮುಂದೆ ಬಂದರು. ನೀಲಾಳ ಉಡಿಗೆ ಅಕ್ಕಿ ಸುರಿದು, ತಾವೇ ಗಂಟು ಹಾಕಿದರು. ಇಬ್ಬರೂ ಅತ್ತುಬಿಟ್ಟೆವು. ಕೋರ್ಟಿಗೆ ಬಂದ ಮಂದಿಯೆಲ್ಲ ನೋಡಿದರು, ನೋಡಲಿ.

ತಿರುಗಿ ಬರುವಾಗ ವಾಡಿಯಲ್ಲಿ ಅದೇ ಸುಂಕದವನು ನೀಲಾಳ ಉಡಿ ತೋರಿಸಿ, "ಏನದ ಇದರಾಗ?" ಎಂದ.

ನೀಲಾ ಎರಡೂ ಕೈಯಿಂದ ಗಂಟು ಹಿಡಿದುಕೊಂಡಳು. "ಅಜ್ಜಿ ಕೊಟ್ಟಾಳ. ಬಿಚ್ಚಂಗಿಲ್ಲ!"

"ಬ್ಯಾಡ ಬಿಡು ತಾಯಿ, ಹೋಗ್ರಿ" ಎಂದ ಪುಣ್ಯಾತ್ಮ. ಪರಕಾರದ ಸುಂಕಕ್ಕೆ ಅವನನ್ನು ಬೈದುಕೊಂಡಿದ್ದನ್ನೆಲ್ಲ ಅಲ್ಲೇ ವಾಪಸು ತೆಗೆದುಕೊಂಡೆ.

ಮನೆ ಮುಟ್ಟಿ ಆ ಅಕ್ಕಿಯಿಂದ ಅನ್ನ ಮಾಡಿದೆ. ಒಂದು ಬೊಗಸೆ ಮಾತ್ರ ತೆಗೆದಿಟ್ಟೆ. ಪಂಚಮಿಗೆ ನೀಲಾಳನ್ನು ಕರೆದೊಯ್ದಾಗ ಅದನ್ನು ಅತ್ತೆಯ ಉಡಿಗೆ ಹಾಕಬೇಕು. ಬೇಡವೆನ್ನುತ್ತಾರೆ, ಗೊತ್ತು. ನಾನು ಮತ್ತೆ ನೆಲದ ಮೇಲೆ ಕೂಡುತ್ತೇನೆ.