ಪೇಟ ಹಿಂದಿರುಗಿಸುವ ವಿಧಿ

ಮೈಸೂರಿನಲ್ಲಿ ಒಬ್ಬ ಮನುಷ್ಯನ ತಲೆಗೆ ಪೇಟ ಇಟ್ಟು, ಹೆಗಲಿಗೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರೆ ಅವನ ಕಥೆ ಅಲ್ಲಿಗೆ ಮುಗಿಯಿತು ಎಂದು ಅರ್ಥ. ನಿವೃತ್ತಿಯೋ, ವರ್ಗಾವಣೆಯೋ, ಏನೋ ಒಂದು. ಆಮೇಲೆ ಅವನು ಅದೇ ಬಾಗಿಲಲ್ಲಿ ಕೆಲಸಕ್ಕೆಂದು ಕಾಣಿಸಿಕೊಳ್ಳಬಾರದು. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ. ಬರೆದಿಟ್ಟ ಕಾನೂನು ಮುರಿದು ಸುಖವಾಗಿರುವವರನ್ನು ಬೇಕಾದಷ್ಟು ಕಂಡಿದ್ದೇನೆ. ಇದನ್ನು ಮುರಿದವರನ್ನು ಮಾತ್ರ ಕಂಡಿಲ್ಲ.

ನನಗೆ ಪೇಟ ಇಟ್ಟದ್ದು ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ. ಅಲ್ಲಿ ಬೆಳಗಿನ ಬ್ಯಾಚಿಗೆ ಲೆಕ್ಕ ಹೇಳಿಕೊಡುತ್ತಲೇ ನನ್ನ ತಲೆ ನರೆತಿತ್ತು. ನನ್ನ ಹೆಂಡತಿ ನರ್ಸು. ಅವಳಿಗೆ ದೂರದ ಚಳಿದೇಶವೊಂದರ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಇಬ್ಬರೂ ಹೊರಟೆವು. ವೀಸಾ ಕಾಗದದಲ್ಲಿ ನನ್ನ ಹೆಸರಿನ ಮುಂದೆ ‘ಡಿಪೆಂಡೆಂಟ್’ ಎಂದು ಬರೆದಿದ್ದರು. ಓದಿ ಜೋರಾಗಿ ನಕ್ಕೆ. ಆ ನಗು ವಿಮಾನ ಇಳಿಯುವವರೆಗೂ ಬಾಳಿಕೆ ಬಂತು.

ಅಲ್ಲಿ ನಮ್ಮದು ನಾಲ್ಕನೇ ಮಹಡಿಯ ಎರಡು ಕೋಣೆ. ಹೆಂಡತಿ ಕತ್ತಲಿರುವಾಗಲೇ ಹೋಗುವಳು, ಸುಸ್ತಾಗಿ ಬರುವಳು. ನಡುವಿನ ಹೊತ್ತಿನಲ್ಲಿ ನಾನು ಅನ್ನ, ಸಾರು ಮಾಡಿ ಕಿಟಕಿಯ ಹತ್ತಿರ ಕೂರುತ್ತಿದ್ದೆ. ಕೆಳಗೆ ಬಸ್‌ಸ್ಟಾಪು. ಬಸ್ಸು ಹೇಳಿದ ನಿಮಿಷಕ್ಕೆ ಬರುತ್ತಿತ್ತು, ಜನ ಸಾಲಾಗಿ ಹತ್ತುತ್ತಿದ್ದರು. ಒಬ್ಬರೂ ಜಗಳ ಆಡುತ್ತಿರಲಿಲ್ಲ. ‘ಮುಂದೆ ಹೋಗ್ರೀ, ಮುಂದೆ ಖಾಲಿ ಇದೆ’ ಎಂದು ಗದರುವವರಿಲ್ಲದ ಊರಿನಲ್ಲಿ ಮನುಷ್ಯನಿಗೆ ತಾನು ಎಲ್ಲಿ ನಿಂತಿದ್ದೇನೆಂದು ಗೊತ್ತಾಗುವುದಾದರೂ ಹೇಗೆ?

ಒಂದು ದಿನ ಮೆಟ್ಟಿಲ ಮೇಲೆ ಪಕ್ಕದ ಮನೆಯ ಹುಡುಗಿ ಹೋಮ್‌ವರ್ಕ್ ಮಾಡುತ್ತಿದ್ದಳು. ಛೇದ ಸಮ ಮಾಡದೆ ಭಿನ್ನರಾಶಿ ಕೂಡಿಸಿದ್ದಳು. ನನ್ನ ಬೆರಳು ತಾನಾಗಿಯೇ ಪುಸ್ತಕದ ಕಡೆ ಹೋಯಿತು. ಅಷ್ಟರಲ್ಲಿ ಅವಳ ತಾಯಿ ಬಾಗಿಲು ತೆರೆದು, ಬಹಳ ಚೆನ್ನಾಗಿ ನಕ್ಕು, ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದರು. ಆ ತಪ್ಪು ಲೆಕ್ಕ ವಾರಗಟ್ಟಲೆ ನನ್ನ ಎದೆಯಲ್ಲಿ ಕೂತಿತ್ತು.

ಪೇಟ ಮಡಚುವ ವಸ್ತುವಲ್ಲ. ಅದನ್ನು ಕೈಯಲ್ಲೇ ಹಿಡಿದು ವಿಮಾನ ಹತ್ತಿದ್ದೆ. ಅಲ್ಲಿ ಫ್ರಿಜ್ಜಿನ ಮೇಲೆ ಸ್ಥಾಪಿಸಿದ್ದೆ. ಒಂದು ಭಾನುವಾರ ಅದನ್ನು ತಲೆಗಿಟ್ಟುಕೊಂಡು ಬೀನ್ಸ್ ಹೆಚ್ಚಿದೆ. ಹೆಂಡತಿ ನಗುತ್ತಾಳೆ ಅಂದುಕೊಂಡಿದ್ದೆ.

“ತೆಗೀರಿ ಅದನ್ನ, ನೋಡಕ್ಕಾಗ್ತಿಲ್ಲ,” ಎಂದಳು. ಆಮೇಲೆ ಮೆತ್ತಗೆ, “ಮೂರು ವಾರ ಊರಿಗೆ ಹೋಗಿ ಬನ್ನಿ. ಟ್ಯುಟೋರಿಯಲ್‌ನವರು ಸೇರಿಸಿಕೊಂಡ್ರೆ ಅಲ್ಲೇ ಇದ್ದುಬಿಡಿ. ಕರಾರು ಮುಗಿಸಿ ನಾನೂ ಬರ್ತೀನಿ.”

ಹೀಗೆ ಪೇಟ ಸಮೇತ ವಿಜಯನಗರದ ಅಕ್ಕನ ಮನೆಗೆ ಬಂದಿಳಿದೆ. ಬಂದವನು ಹೊರಗೆ ಕಾಲಿಡಲಿಲ್ಲ. ಗೇಟಿನ ಹತ್ತಿರ ನಿಂತರೆ ಸಾಕು, ಹಾಲಿನವರು, ಪಕ್ಕದ ಮನೆಯವರು, ವಾಕಿಂಗ್ ಹೊರಟವರು ಎಲ್ಲರದೂ ಒಂದೇ ಉಸಿರಿನ ಪ್ರಶ್ನೆ: “ಯಾವಾಗ ಬಂದ್ರಿ, ಯಾವಾಗ ಹೊರಡೋದು?” ಎರಡರ ನಡುವೆ ಒಂದು ಲೋಟ ಕಾಫಿ ಕುಡಿಯುವಷ್ಟೂ ಜಾಗ ಇರುತ್ತಿರಲಿಲ್ಲ. ಅಲ್ಲಿ ಕಿಟಕಿಯ ಹಿಂದೆ ಕೂರುತ್ತಿದ್ದವನು ಇಲ್ಲಿ ಪರದೆಯ ಹಿಂದೆ ಕೂತೆ. ಬಡ್ತಿ ಎಂದೇ ಹೇಳಬೇಕು.

ಎರಡು ವಾರ ನೋಡಿ ಅಕ್ಕನಿಗೆ ಸಾಕಾಯಿತು. “ಹೋಗಿ ಕೇಳ್ಬುಡೋ ಮಾರಾಯ. ನೀನು ಹೊರಡೋದಾದ್ರೆ ನಾನು ಸಾರಿನ ಪುಡಿಗೆ ಹುರೀಬೇಕು. ಇರೋದಾದ್ರೆ ಬೇಡ. ಕೊನೇ ಗಳಿಗೇಲಿ ಹೇಳಿದ್ರೆ ನನ್ನ ಕೈಲಾಗಲ್ಲ ಕಣೋ.”

ಮಾರನೆಯ ಬೆಳಿಗ್ಗೆ ಪೇಟವನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಸಿಟಿ ಬಸ್ ಹತ್ತಿದೆ. ಯೋಜನೆ ಸರಳ. ಪೇಟವನ್ನು ಮೇಜಿನ ಮೇಲೆ ಇಡುವುದು. ಬೀಳ್ಕೊಡುಗೆ ರದ್ದಾಯಿತು, ನನ್ನ ಬ್ಯಾಚು ನನಗೆ ಕೊಡಿ ಎನ್ನುವುದು. ಪೇಟ ತೊಡಿಸುವುದಕ್ಕೆ ಮಂತ್ರ, ಭಾಷಣ, ಫೋಟೊ ಎಲ್ಲ ಇದೆ. ಹಿಂದಿರುಗಿಸುವುದಕ್ಕೆ ಯಾವ ವಿಧಿಯೂ ಇಲ್ಲವಾದ್ದರಿಂದ ದಾರಿಯುದ್ದಕ್ಕೂ ನಾನೇ ಒಂದು ರಚಿಸಿಕೊಂಡೆ.

ಈಗ ಬೆಳಗಿನ ಬ್ಯಾಚು ನೋಡಿಕೊಳ್ಳುವವರು ಹಿಂದೆ ನನ್ನ ಕೈಕೆಳಗಿದ್ದ ಮೇಷ್ಟ್ರು. ನನ್ನನ್ನು ಕಂಡು ಪಾಠ ಬಿಟ್ಟು ಓಡಿಬಂದರು. “ಅಯ್ಯೋ ಸಾರ್! ಯಾವಾಗ ಬಂದ್ರಿ, ಯಾವಾಗ ಹೊರಡೋದು?” ನಾನು ಉತ್ತರಿಸುವ ಬದಲು ಚೀಲದಿಂದ ಪೇಟ ತೆಗೆದೆ. ಅವರ ಕಣ್ಣು ತುಂಬಿತು. “ಅಷ್ಟು ದೂರದಿಂದ ಹೊತ್ಕೊಂಡು ಬಂದಿದ್ದೀರಾ! ಎಂಥಾ ಅಭಿಮಾನ ಸಾರ್ ನಿಮ್ದು!” ಎನ್ನುತ್ತಾ ಅದನ್ನು ನನ್ನ ತಲೆಗೇ ಇಟ್ಟು, ಕೈಹಿಡಿದು ತರಗತಿಯೊಳಗೆ ಎಳೆದುಕೊಂಡು ಹೋದರು.

ಮಕ್ಕಳು ಎದ್ದು ನಿಂತರು. ಹೋದ ವರ್ಷ ನನ್ನ ಹತ್ತಿರವೇ ಓದಿದವರು; ಮುಖ ಗಂಟಿಕ್ಕಿಕೊಂಡು ತಮಾಷೆ ಮಾಡುವ ನನ್ನ ಚಟ ಚೆನ್ನಾಗಿ ಬಲ್ಲವರು. ಬೋರ್ಡಿನ ಮೇಲೆ ಅರ್ಧ ಮಾಡಿದ ಲೆಕ್ಕವಿತ್ತು. ಬರಹ ನನ್ನದಕ್ಕಿಂತ ದುಂಡಾಗಿತ್ತು. ತಪ್ಪು ಹುಡುಕಿದೆ. ಇರಲಿಲ್ಲ.

“ಸಾರ್, ಅಲ್ಲಿ ನೀವು ಏನ್ ಕೆಲಸ ಮಾಡ್ತೀರಾ?” ಎಂದಳು ಮುಂದಿನ ಬೆಂಚಿನ ಹುಡುಗಿ.

“ಬೀನ್ಸ್ ಹೆಚ್ತೀನಿ ಕಣಮ್ಮ,” ಎಂದೆ.

ತರಗತಿ ಗೊಳ್ಳೆಂದಿತು.

“ನಿಜ ಹೇಳ್ತಿದ್ದೀನಿ. ಮಾತಾಡೋಕೆ ಒಬ್ಬರೂ ಇಲ್ಲ.”

ಇನ್ನೂ ಜೋರು ನಗು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು, “ನಮ್ಮ ಸಾರ್ ಒಂಚೂರೂ ಬದಲಾಗಿಲ್ಲ!” ಎಂದರು.

ಕೊನೆಯದನ್ನೂ ಹೇಳಿದೆ. “ನಾನು ವಾಪಸ್ ಹೋಗಲ್ಲ. ನಾಳೆಯಿಂದ ಈ ಬ್ಯಾಚಿಗೆ ನಾನೇ ಬರೋದು.”

ಮೇಷ್ಟ್ರು ನಗುತ್ತಲೇ ಇದ್ದರು, ಆದರೆ ಕೈಯಲ್ಲಿದ್ದ ಸೀಮೆಸುಣ್ಣವನ್ನು ಒಮ್ಮೆ ಬಿಗಿಯಾಗಿ ಹಿಡಿದುಕೊಂಡರು. ಅವರಿಗೆ ಅರ್ಥವಾಯಿತೆಂದು ನನಗೆ ಅರ್ಥವಾಯಿತು. ಮರುಕ್ಷಣ ಅವರೇ ಮೊದಲು ಚಪ್ಪಾಳೆ ತಟ್ಟಿದರು. ಮಕ್ಕಳು ಸೇರಿಕೊಂಡರು. ಪೇಟದ ಕೆಳಗೆ ನಾನೂ ನಕ್ಕೆ, ಕೈಮುಗಿದೆ. ಪೇಟ ಇಟ್ಟುಕೊಂಡವನು ಮಾಡಬಹುದಾದದ್ದು ಅವೆರಡೇ.

ಮನೆಗೆ ಬಂದಾಗ ಅಕ್ಕ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

“ಹೇಳ್ದಾ?”

“ಹೇಳ್ದೆ.”

“ಏನಂದ್ರು?”

“ಚಪ್ಪಾಳೆ ತಟ್ಟಿದ್ರು.”

ಅಕ್ಕ ನನ್ನ ಕೈಲಿದ್ದ ಚೀಲ ನೋಡಿದಳು. ಆಮೇಲೆ ಸೊಪ್ಪನ್ನು ಪಕ್ಕಕ್ಕೆ ಸರಿಸಿ ಎದ್ದು ಹೋಗಿ, ಬಾಣಲೆ ಇಟ್ಟು ಒಲೆ ಹಚ್ಚಿದಳು. ಮೆಣಸಿನಕಾಯಿ ಹುರಿಯುವ ಘಾಟು ಹಜಾರಕ್ಕೆ ಬಂತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಯಾರೂ ಕಾರಣ ಕೇಳುವ ಹಾಗಿರಲಿಲ್ಲ.